ಜಾಮ್ ಆಗಿರುವ ಹಳೆಯ ಟಾಟಾ ಮರ್ಸಿಡಿಸ್ ಲಾರಿಯ ಎಂಜಿನ್ ಬಿಚ್ಚಿಸುವುದೋ, ಬೇರೆ ಕೂರಿಸುವುದೋ?

ಉಡುಪಿಯ ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿರುವ ಅಜ್ಜನ ಲಾರಿಯ ಆರು ಸಿಲಿಂಡರ್ ಎಂಜಿನ್ ತಿರುಗುತ್ತಿಲ್ಲ, ಅದನ್ನೇ ಸರಿಮಾಡಿಸಬಹುದೇ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಹಳೆಯ ಡೀಸೆಲ್ ಎಂಜಿನ್‌ಗಳ ಕೆಲಸ ಮಾಡುವವನಾಗಿ ನಾನು ಒತ್ತಿ ಹೇಳುವುದಿಷ್ಟು: ಕ್ರ್ಯಾಂಕ್ (ಪಿಸ್ಟನ್‌ಗಳ ಓಡಾಟದಿಂದ ತಿರುಗುವ ದಂಡ) ಮತ್ತು ಬ್ಲಾಕಿನ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ಭಾಗ) ಅಳತೆ ಕೈಗೆ ಬರುವ ತನಕ ತೀರ್ಮಾನವನ್ನೂ ಮಾಡಬೇಡಿ, ಪಿಸ್ಟನ್ ಸೆಟ್ಟನ್ನೂ ಕೊಳ್ಳಬೇಡಿ.

ಟೆಲ್ಕೊ (ಈಗಿನ ಟಾಟಾ ಮೋಟರ್ಸ್) ಮತ್ತು ಜರ್ಮನಿಯ ಡೈಮ್ಲರ್-ಬೆಂಜ್ ಒಪ್ಪಂದದಡಿ 1954ರಿಂದ ಬಂದ ಮೊದಲ ಲಾರಿಗಳ ಓಎಂ 312 ಎಂಜಿನ್ನಿಗೆ 90 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ), 120 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಇತ್ತು. ನಂತರದ ಟಾಟಾ 692 ಎಂಜಿನ್ನಿನ ಬೋರ್ 92 ಮಿ.ಮೀ. ಆದ್ದರಿಂದ ಎಂಜಿನ್ ನಂಬರ್ ನೋಡದೆ ‘ಟಾಟಾ ಸಿಕ್ಸ್ ಸಿಲಿಂಡರ್’ ಎಂದಷ್ಟೇ ಹೇಳಿ ಸಾಮಾನು ತರಿಸಿದರೆ ಹಣ ನೀರುಪಾಲಾಗುತ್ತದೆ.

ತಿರುಗುತ್ತಿಲ್ಲ ಎಂದ ಮಾತ್ರಕ್ಕೆ ಎಂಜಿನ್ ಸತ್ತಿದೆ ಎಂದು ತಿಳಿಯಬೇಕಾಗಿಲ್ಲ. ನಮ್ಮ ಕರಾವಳಿಯಲ್ಲಿ, ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತುಹೋದ ಸಿಲಿಂಡರಿಗೆ ಮಳೆಗಾಲದ ತೇವದ ಗಾಳಿ ಸೈಲೆನ್ಸರಿನ ದಾರಿಯಾಗಿ ನುಗ್ಗಿ, ಪಿಸ್ಟನ್ನಿನ ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತವೆ. ಆರರಲ್ಲಿ ಒಂದು ಕಚ್ಚಿದರೂ ಸಾಕು, ಉಳಿದ ಐದೂ ಅಲುಗುವುದಿಲ್ಲ. ಸಿಲಿಂಡರ್‌ಗಳ ಮೇಲಿನ ಮುಚ್ಚಳವಾದ ಹೆಡ್ ಬಿಚ್ಚಿದರೆ ಅಂತಹ ಸಿಲಿಂಡರ್ ಕಂದುಬಣ್ಣದಿಂದಲೇ ಗುರುತು ಸಿಗುತ್ತದೆ. ಡೀಸೆಲ್ ಮತ್ತು ಆಯಿಲ್ ಬೆರೆಸಿ ಪಿಸ್ಟನ್ ಮೇಲೆ ಹೊಯ್ದು ಕೆಲವು ದಿನ ನೆನೆಯಲು ಬಿಡಿ, ಆಮೇಲೆ ಫ್ಲೈವೀಲಿನ ಹಲ್ಲಿಗೆ ಲಿವರ್ ಕೊಟ್ಟು ಹಿಂದಕ್ಕೂ ಮುಂದಕ್ಕೂ ಸ್ವಲ್ಪಸ್ವಲ್ಪವೇ ಅಲುಗಿಸಿ. ಗೇರಿಗೆ ಹಾಕಿ ಇನ್ನೊಂದು ಲಾರಿಯಿಂದ ಎಳೆಸುವವರಿದ್ದಾರೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುವುದು ಹಾಗೆಯೇ, ದಯವಿಟ್ಟು ಒಪ್ಪಬೇಡಿ.

ಕ್ರ್ಯಾಂಕ್ ಹೊರಬಂದ ಮೇಲೆ ಪ್ರತಿಯೊಂದು ಜರ್ನಲನ್ನೂ (ಬೇರಿಂಗಿನೊಳಗೆ ತಿರುಗುವ ನುಣುಪು ಭಾಗ) ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿನಿಂದ ಅಳೆಯಿಸಿ, ಏಕೆಂದರೆ ಸವೆತ ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ, ಅಂಡಾಕಾರವಾಗಿರುತ್ತದೆ. ಸವೆದ ಜರ್ನಲನ್ನು ದುಂಡಗೆ ಉಜ್ಜುವ ಗ್ರೈಂಡಿಂಗ್ ಸಾಮಾನ್ಯವಾಗಿ 0.25 ಮಿ.ಮೀ. ಹಂತಗಳಲ್ಲಿ ನಡೆಯುವುದರಿಂದ, ತೆಳುವಾದ ಜರ್ನಲಿಗೆ ಹೊಂದುವ ಆ ಅಂಡರ್‌ಸೈಜಿನ ಬೇರಿಂಗ್ ಸಿಗುತ್ತದೆಯೇ ಎಂದು ಖಚಿತಪಡಿಸಿಕೊಂಡು, ಬೇರಿಂಗನ್ನು ಕೈಯಲ್ಲಿ ಹಿಡಿದುಕೊಂಡೇ ಗ್ರೈಂಡಿಂಗಿಗೆ ಕೊಡಿ. ಆರು ಸಿಲಿಂಡರಿನ ಕ್ರ್ಯಾಂಕ್ ಉದ್ದವಾಗಿರುವುದರಿಂದ ಬಾಗಿದೆಯೇ ಎಂದು ನಡುವಿನ ಜರ್ನಲಿಗೆ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಲೇಬೇಕು, ಗ್ರೈಂಡಿಂಗಿನ ಸರದಿಗೆ ಕಾಯುವಾಗಲೂ ಅದನ್ನು ನೆಲದ ಮೇಲೆ ಮಲಗಿಸದೆ ನೆಟ್ಟಗೆ ನಿಲ್ಲಿಸಿಡಬೇಕು. ರೇಡಿಯೇಟರಿಗೆ ಬರೀ ಬಾವಿ ನೀರು ಹಾಕಿ ಓಡಿಸಿದ ಗಾಡಿಯಾದರೆ ಬ್ಲಾಕಿನ ನೀರಿನ ದಾರಿಗಳು ಒಳಗಿನಿಂದ ತುಕ್ಕು ತಿಂದಿರುವ ಸಾಧ್ಯತೆ ಹೆಚ್ಚು, ಒತ್ತಡ ಕೊಟ್ಟು ಸೋರಿಕೆ ನೋಡುವ ಪ್ರೆಶರ್ ಟೆಸ್ಟ್ ಬಿಡಬೇಡಿ.

ಈ ಲೇತ್ ಕೆಲಸಕ್ಕೆ ಮಂಗಳೂರಿನ ಕೈಗಾರಿಕಾ ಪ್ರದೇಶಗಳಾದ ಬೈಕಂಪಾಡಿ, ಯೆಯ್ಯಾಡಿಯ ಕಡೆ ವಿಚಾರಿಸಿ. ಮಲ್ಪೆಯ ಬೋಟುಗಳ ಎಂಜಿನ್ ಬಿಚ್ಚುವ ಮೆಕ್ಯಾನಿಕ್‌ಗಳನ್ನೂ ಕೇಳಿ, ಉಪ್ಪುಗಾಳಿಯ ತುಕ್ಕು ಅವರಿಗೆ ಹೊಸದಲ್ಲ.

ಬ್ಲಾಕಿನಲ್ಲಿ ಸೀಳಿಲ್ಲದೆ ಕ್ರ್ಯಾಂಕ್ ಗ್ರೈಂಡಿಂಗಿಗೆ ಒದಗುವಂತಿದ್ದರೆ ಇದೇ ಎಂಜಿನನ್ನು ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ. ಬೇರೆ ಕೂರಿಸಿದರೆ ಆರ್‌ಸಿಯಲ್ಲಿ ಎಂಜಿನ್ ನಂಬರ್ ಬದಲಿಸಲು ಆರ್‌ಟಿಓಗೆ ಅಲೆಯಬೇಕಾಗುತ್ತದೆ, ಅಜ್ಜನ ಲಾರಿಯ ಆ ಹಳೆಯ ಸದ್ದೂ ಉಳಿಯುವುದಿಲ್ಲ. ಜೋಡಣೆ ಮುಗಿದ ದಿನ ಮೊದಲು ಡೀಸೆಲ್ ಬಂದ್ ಮಾಡಿಯೇ ಸ್ಟಾರ್ಟರ್ ತಿರುಗಿಸಿ, ಆಯಿಲ್ ಪ್ರೆಶರಿನ ಮುಳ್ಳು ಮೇಲೆದ್ದದ್ದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಎಂಜಿನ್ ಸ್ಟಾರ್ಟ್ ಮಾಡಿಸಿ.