ಅಡುಗೆ ಮಾಡಿದವರೇ ಹಾಸಿಗೆ ಹಿಡಿದರೆ ಹಂಚಿದ ತಿಂಡಿಯ ಕಥೆ ಏನು?

ಪ್ರಶ್ನೆ: ಡಾಕ್ಟರಮ್ಮ, ನಾವು ಸಾಗರದ ಹತ್ತಿರದ ಹಳ್ಳಿಯವರು. ಗಣೇಶನ ಹಬ್ಬದ ದಿನ ಬೆಳಗಿನ ಜಾವ ಎದ್ದು ಕಡುಬು, ಹೋಳಿಗೆ, ಕೋಸಂಬರಿ, ಚಿತ್ರಾನ್ನ, ಹಾಲು ಪಾಯಸ ಮಾಡಿದೆ. ಚಕ್ಕುಲಿ, ಕರ್ಜಿಕಾಯಿ ವಾರದ ಮೊದಲೇ ಮಾಡಿ ಡಬ್ಬಿಗೆ ತುಂಬಿಟ್ಟಿದ್ದೆ. ಮಧ್ಯಾಹ್ನ ಅಕ್ಕಪಕ್ಕದ ಆರು ಮನೆಗೆ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ನನಗೆ ವಾಂತಿ ಶುರುವಾಯಿತು, ಬೆಳಗಾಗುವಷ್ಟರಲ್ಲಿ ಭೇದಿಯೂ ಸೇರಿತು. ಮನೆಯಲ್ಲಿ ಉಳಿದವರಿಗೆ ಏನೂ ಆಗಿರಲಿಲ್ಲ. ಚಿಕ್ಕ ಮಗ ಮಾತ್ರ ಹಬ್ಬದ ಹಿಂದಿನ ದಿನ ಶಾಲೆಯಿಂದ ಬಂದವನೇ ವಾಂತಿ ಮಾಡಿಕೊಂಡಿದ್ದ, ಬಸ್ಸಿನಲ್ಲಿ ಬಂದಿದ್ದಕ್ಕೆ ಅಂದುಕೊಂಡೆವು. ಉಳಿದಿದ್ದನ್ನು ಮಾರನೆಯ ದಿನ ನಾದಿನಿ ಮನೆಯವರಿಗೆ ಕಟ್ಟಿಕೊಡಬೇಕಿತ್ತು. ಅತ್ತೆ ‘ಮಡಿಯಲ್ಲಿ ಮಾಡಿದ್ದು, ನೈವೇದ್ಯ ಆಗಿದೆ, ಏನೂ ಆಗಲ್ಲ’ ಅಂದರು. ಯಜಮಾನರು ಎಲ್ಲ ಚೆಲ್ಲಿಬಿಡು ಅಂದರು. ಯಾರ ಮಾತು ಸರಿ? ಆಗಲೇ ಕೊಟ್ಟಿದ್ದ ಮನೆಗಳಿಗೆ ಹೇಳಬೇಕಿತ್ತೇ? ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ.
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ಈ ಸಂಚಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಆ ಡಬ್ಬಿಗಳೆಲ್ಲ ಖಾಲಿಯಾಗಿರುತ್ತವೆ. ಆದರೂ ಇಷ್ಟು ಉದ್ದ ಬರೆಯುತ್ತಿರುವುದು ಮುಂದೆ ನವರಾತ್ರಿ, ದೀಪಾವಳಿ ಸಾಲುಗಟ್ಟಿ ನಿಂತಿವೆ ಎಂದು. ಹಬ್ಬದ ಮಾರನೆಯ ದಿನ ತಾಲ್ಲೂಕು ಆಸ್ಪತ್ರೆಯ ಓಪಿಡಿಯಲ್ಲಿ ಒಂದೇ ಕೇರಿಯ ನಾಲ್ಕೈದು ಮನೆಯವರು ಹೊಟ್ಟೆ ಹಿಡಿದುಕೊಂಡು ಸಾಲಾಗಿ ಕೂತಿದ್ದನ್ನು ನಾನು ಸಾಕಷ್ಟು ಸಲ ನೋಡಿದ್ದೇನೆ.

ನಿಮ್ಮ ಪತ್ರದಲ್ಲಿ ನೀವು ಹಾಗೇ ಹೇಳಿ ಮುಂದೆ ಹೋದ ಒಂದು ಸಾಲು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು: ಮಗನ ವಾಂತಿ. ಅದನ್ನು ಒರೆಸಿದವರು ನೀವೇ ಇರಬೇಕು. ಶಾಲೆ ಮಕ್ಕಳಲ್ಲಿ ದಿಢೀರನೆ ವಾಂತಿ ತರಿಸುವ ನೋರೋವೈರಸ್ ಎಂಬುದೊಂದಿದೆ. ಒಳಗೆ ಸೇರಿದ 12ರಿಂದ 48 ಗಂಟೆಯೊಳಗೆ ಅದು ತನ್ನ ಆಟ ತೋರಿಸುತ್ತದೆ. ಹಿಂದಿನ ದಿನ ಸಂಜೆ ಮಗನಿಗೆ, ಹಬ್ಬದ ರಾತ್ರಿ ನಿಮಗೆ, ಲೆಕ್ಕ ಸರಿಯಾಗಿ ಕೂಡುತ್ತದೆ. ಪರೀಕ್ಷೆ ಮಾಡಿಸದೆ ಇದೇ ಎಂದು ಯಾರೂ ಆಣೆ ಇಟ್ಟು ಹೇಳಲಾರರು, ಆದರೆ ನನ್ನ ಅನುಮಾನ ಇದರ ಮೇಲೆಯೇ. ಈ ವೈರಸ್ಸಿನ ಕೆಲವೇ ಕೆಲವು ಕಣಗಳು ಸಾಕು, ಇನ್ನೊಬ್ಬರಿಗೆ ಅಂಟಲು. ರೋಗಿಗೆ ಹೊಟ್ಟೆ ತೊಳಸುವ ಮೊದಲೇ ಅದು ಹರಡಲು ಶುರುವಾಗಿರಬಹುದು. ಎಂದರೆ ಬೆಳಗ್ಗೆ ನೀವು ಗಟ್ಟಿಮುಟ್ಟಾಗಿ ಹೋಳಿಗೆ ತಟ್ಟುತ್ತಿದ್ದಾಗಲೂ ನಿಮ್ಮ ಕೈಯಲ್ಲಿ ಅದು ಇದ್ದಿರಬಹುದು.

ಇನ್ನೊಂದು ಸಾಧ್ಯತೆಯನ್ನೂ ನೋಡಿಬಿಡಬೇಕು. ಅಡುಗೆಯೇ ಕೆಟ್ಟು, ಅದನ್ನು ಉಂಡು ನಿಮಗೆ ಹೀಗಾಗಿದ್ದರೆ? ನಮ್ಮ ಮೂಗಿನಲ್ಲಿ, ಕೈ ಮೇಲಿನ ಗಾಯದಲ್ಲಿ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಅದು ಮನೆ ಮಾಡಿರುತ್ತದೆ. ಪಾಯಸಕ್ಕೋ ಖೋವಾಕ್ಕೋ ಅದು ಬಿದ್ದು, ಪಾತ್ರೆ ಹೊರಗೇ ನಾಲ್ಕಾರು ಗಂಟೆ ಕೂತರೆ ವಿಷ ತಯಾರಾಗುತ್ತದೆ. ಮತ್ತೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಸಾಯುವುದಿಲ್ಲ. ಬೆಳಗಿನ ಅನ್ನದ ಚಿತ್ರಾನ್ನ ಸಂಜೆಯವರೆಗೆ ಹೊರಗಿದ್ದರೂ ಇದೇ ಪಾಡು. ಅಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬೇರೊಂದು ಬ್ಯಾಕ್ಟೀರಿಯಾ ಇರುತ್ತದೆ, ಅದರ ಬೀಜಾಣುಗಳು ಅನ್ನ ಬೆಂದರೂ ಬದುಕುತ್ತವೆ. ಇವೆರಡೂ ಬಹಳ ಬೇಗ ಹೊಡೆಯುತ್ತವೆ, ಉಂಡ ಅರ್ಧ ಗಂಟೆಯಿಂದ ಆರೇಳು ಗಂಟೆಯೊಳಗೆ ವಾಂತಿ. ಆದರೆ ಹಾಗಾಗಿದ್ದರೆ ಜೊತೆಗೆ ಉಂಡವರಲ್ಲಿ ಇನ್ನೂ ಕೆಲವರು ಅಂದು ಸಂಜೆಯೇ ಬೀಳಬೇಕಿತ್ತು. ಮನೆಯಲ್ಲಿ ಯಾರೂ ಬಿದ್ದಿಲ್ಲ, ಹಾಗಾಗಿ ನಾನು ಮಗನ ಕಡೆಗೇ ಬೆರಳು ತೋರಿಸುತ್ತೇನೆ. ಯಾರ ಮನೆಯಲ್ಲಿ ಹೀಗಾದರೂ ಮೊದಲು ಕೇಳಿಕೊಳ್ಳಬೇಕಾದ್ದು ಇದನ್ನೇ: ಏನು ತಿಂದೆವು, ಎಷ್ಟು ಹೊತ್ತಿಗೆ ತಿಂದೆವು, ಇನ್ನು ಯಾರಿಗೆ ಆಯಿತು.

ಈಗ ತಿಂಡಿಗೆ ಬರೋಣ. ಅತ್ತೆಯವರದೂ ಪೂರ್ತಿ ಸರಿಯಲ್ಲ, ಯಜಮಾನರದೂ ಅಲ್ಲ. ಒಂದೊಂದು ಪಾತ್ರೆಯ ಮುಂದೆಯೂ ಒಂದೇ ಪ್ರಶ್ನೆ ಕೇಳಿ: ಒಲೆಯಿಂದ ಇಳಿದ ಮೇಲೆ ಇದಕ್ಕೆ ನನ್ನ ಕೈ ತಾಗಿತೇ?

ಕೋಸಂಬರಿಯನ್ನೇ ನೋಡಿ. ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತುರಿದ ಕಾಯಿ, ಕೊತ್ತಂಬರಿ, ಒಂದಕ್ಕೂ ಬೆಂಕಿಯ ಸೋಂಕಿಲ್ಲ. ಮೇಲಿಂದ ಒಗ್ಗರಣೆ ಚುಂಯ್ ಎಂದು ಬೀಳುತ್ತದೆ ನಿಜ, ಆದರೆ ಆ ಒಂದು ಚಮಚ ಎಣ್ಣೆಯ ಕಾವು ಬಿದ್ದ ಜಾಗದ ನಾಲ್ಕು ಬೇಳೆಗಷ್ಟೇ ತಟ್ಟುತ್ತದೆ. ಆಮೇಲೆ ಉಪ್ಪು, ನಿಂಬೆರಸ ಹಾಕಿ ಬರಿಗೈಯಲ್ಲಿ ಕಲಸುತ್ತೇವೆ. ಇಡೀ ಹಬ್ಬದಡುಗೆಯಲ್ಲಿ ನನಗೆ ಹೆಚ್ಚು ಭಯ ಇದರದ್ದೇ. ಚೆಲ್ಲಬೇಕು. ಕೈಯಲ್ಲಿ ಕಲಸಿದ ಚಿತ್ರಾನ್ನವನ್ನೂ ಚೆಲ್ಲಬೇಕು. ಹಾಲು ಪಾಯಸ ಮಧ್ಯಾಹ್ನದಿಂದ ಹೊರಗೇ ಇದ್ದರೆ, ನಿಮಗೆ ಕಾಯಿಲೆ ಬರಲಿ ಬಿಡಲಿ, ಅದು ಮಾರನೆಯ ದಿನಕ್ಕಲ್ಲ. ಬೇಯಿಸಿದ ಯಾವುದೂ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು, ನಮ್ಮ ಸೆಕೆಗೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಕಡುಬು ಹಬೆಯಲ್ಲಿ ಚೆನ್ನಾಗಿ ಬೆಂದಿದ್ದು, ಹೋಳಿಗೆ ಕಾವಲಿಯ ಮೇಲೆ ಎರಡೂ ಬದಿ ಸುಟ್ಟಿದ್ದು. ಬೆಂದ ಹೊತ್ತಿಗೆ ಅವು ಶುದ್ಧವೇ. ಆದರೆ ಹೋಳಿಗೆಯನ್ನು ಕಾವಲಿಯಿಂದ ಎತ್ತಿ, ಬಾಳೆಲೆಯ ಮೇಲೆ ಹರಡಿ, ಆರಿದ ಮೇಲೆ ಮಡಿಸಿ ಅಡುಕುವುದು ಅದೇ ಕೈ ತಾನೇ? ಮನೆಯವರೇ ತಿನ್ನುವುದಾದರೆ ಬಿಸಿ ಕಾವಲಿಯ ಮೇಲೆ ಎರಡೂ ಬದಿ ಕೈ ಸುಡುವಷ್ಟು ಮತ್ತೆ ಕಾಯಿಸಿ ತಿನ್ನಬಹುದಿತ್ತು. ಬರೀ ಬೆಚ್ಚಗೆ ಮಾಡಿದರೆ ಸಾಲದು, ಈ ವೈರಸ್ 60 ಡಿಗ್ರಿಯ ಶಾಖವನ್ನೂ ತಾಳಿಕೊಳ್ಳುತ್ತದೆ. ಬೇರೆಯವರಿಗೆ ಕಟ್ಟಿಕೊಡುವ ಮಾತು ಮಾತ್ರ ಬೇಡ. ಕಟ್ಟಿಕೊಟ್ಟಿದ್ದನ್ನು ಅವರು ಬಸ್ಸಿನಲ್ಲೇ ಬಿಚ್ಚಿ ತಿನ್ನುತ್ತಾರೆ, ಯಾರೂ ಕಾವಲಿ ಹುಡುಕಲು ಹೋಗುವುದಿಲ್ಲ.

ಚಕ್ಕುಲಿ, ಕರ್ಜಿಕಾಯಿ ನೀವು ಚೆಲ್ಲಬೇಕಿರಲಿಲ್ಲ. ಕುದಿಯುವ ಎಣ್ಣೆಯಲ್ಲಿ ಕರಿದವು, ಮಗನಿಗೆ ಹುಷಾರು ತಪ್ಪುವ ಮೊದಲೇ ಡಬ್ಬಿ ಸೇರಿದವು. ಹಬ್ಬದ ದಿನ ಡಬ್ಬಿಗೆ ಕೈ ಹಾಕಿ ಎಣಿಸಿ ತೆಗೆದಿದ್ದರೆ ಮೇಲಿನ ಪದರ ಬಿಟ್ಟುಬಿಡಿ, ತೆಗೆಯದೇ ಉಳಿದ ಡಬ್ಬಿಯನ್ನು ನಾದಿನಿ ಮನೆಗೆ ಧೈರ್ಯವಾಗಿ ಕೊಡಬಹುದಿತ್ತು. ಅಷ್ಟು ಎಣ್ಣೆ, ಬೆಣ್ಣೆ, ಮೈಮುರಿದ ದುಡಿಮೆ, ಅನುಮಾನಕ್ಕೆ ಚೆಲ್ಲುವುದನ್ನು ನಾನು ಒಪ್ಪುವುದಿಲ್ಲ.

ಮಡಿಯ ಬಗ್ಗೆ ಅತ್ತೆಯವರಿಗೆ ನನ್ನ ನಮಸ್ಕಾರ ಹೇಳಿ. ಎಂಜಲು ಮಾಡದೆ, ರುಚಿ ನೋಡಿದ ಸೌಟನ್ನು ಮತ್ತೆ ಅದ್ದದೆ ಅಡುಗೆ ಮಾಡುವ ಆ ಶಿಸ್ತು ಎಷ್ಟೋ ಮನೆಗಳನ್ನು ಕಾಪಾಡಿದೆ. ಆದರೆ ಈ ರೋಗಾಣು ಇರುವುದು ಹೊಟ್ಟೆಯೊಳಗೆ, ತಲೆಗೆ ನೀರು ಹಾಕಿಕೊಂಡರೆ ಅದು ಹೋಗುವುದಿಲ್ಲ. ಕಕ್ಕಸಿಗೆ ಹೋಗಿಬಂದ ಮೇಲೆ, ಮಗುವನ್ನು ತೊಳೆದ ಮೇಲೆ ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯುವುದು ಮಡಿಯ ಮೊದಲ ಪಾಠವಾಗಬೇಕು. ಸ್ಯಾನಿಟೈಸರಿಗೆ ಈ ವೈರಸ್ ಅಷ್ಟಾಗಿ ಬಗ್ಗುವುದಿಲ್ಲ, ಸೋಪೇ ಬೇಕು. ಇನ್ನು ನೈವೇದ್ಯ. ಮೊಸರನ್ನ ಹುಳಿ ಬಂದರೆ ಪ್ರಸಾದವೇ ಆದರೂ ನಮ್ಮ ಹಿರಿಯರು ಯಾರ ಎಲೆಗೂ ಬಡಿಸುತ್ತಿರಲಿಲ್ಲವಲ್ಲ!

ಈಗ ನಿಮ್ಮ ಪತ್ರದ ಕೊನೆಯ ಸಾಲು. ಹೇಳಬೇಕಿತ್ತು. ರಾತ್ರಿಯೇ ಆಗದಿದ್ದರೂ ಬೆಳಗ್ಗೆ ಎದ್ದ ಕೂಡಲೇ. ಹೇಳಿದ್ದರೆ ಆ ಆರು ಮನೆಗಳಲ್ಲಿ ಫ್ರಿಜ್ಜಿಗೆ ಸೇರಿದ್ದ ಕೋಸಂಬರಿ ಮಕ್ಕಳ ತಟ್ಟೆಗೆ ಬರುತ್ತಿರಲಿಲ್ಲ. ಫೋನಿನಲ್ಲಿ ಮಾತಾಡಲು ಮುಜುಗರವಾದರೆ ಇಷ್ಟು ಬರೆದು ಕಳಿಸಿ: ‘ಅಕ್ಕಾ, ನಿನ್ನೆ ರಾತ್ರಿಯಿಂದ ನನಗೆ ವಾಂತಿ ಭೇದಿ. ನಾನು ಕೊಟ್ಟ ಕೋಸಂಬರಿ, ಚಿತ್ರಾನ್ನ, ಪಾಯಸ ಉಳಿದಿದ್ದರೆ ತಿನ್ನಬೇಡಿ. ತಿಂದಿದ್ದರೆ ಹೆದರಬೇಡಿ, ಎರಡು ದಿನ ನೋಡಿಕೊಳ್ಳಿ. ಓಆರ್‌ಎಸ್ ತಂದಿಟ್ಟುಕೊಳ್ಳಿ.’ ಇದನ್ನು ಓದಿ ನಿಮ್ಮನ್ನು ಹಳಿಯುವ ನೆರೆಯವರು ಅಪರೂಪ. ಹೆಚ್ಚಿನವರು ಗಂಜಿ ಮಾಡಿಕೊಂಡು ಬಂದು ಬಾಗಿಲು ತಟ್ಟುತ್ತಾರೆ. ಕಾಯಿಲೆ ಬೀಳುವುದು ತಪ್ಪಲ್ಲ, ಅಡುಗೆ ಕೊಳಕಾಗಿತ್ತು ಎಂಬ ಸಾಕ್ಷಿಯೂ ಅಲ್ಲ. ತಿಂದವರ ಮನೆಯಲ್ಲಿ ಎಳೆಗೂಸು, ಬಸುರಿ, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇದ್ದರೆ ಅವರಿಗೆ ಮೊದಲು ಹೇಳಿ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಏರಿದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಬೇಕು.

ನೀವು ಕೇಳದೇ ಇದ್ದ ಒಂದು ಮಾತನ್ನೂ ಹೇಳುತ್ತೇನೆ. ವಾಂತಿ ಭೇದಿ ನಿಂತ ಮೇಲೆ ಇನ್ನೂ 48 ಗಂಟೆ ನೀವು ಒಲೆಯ ಹತ್ತಿರ ಹೋಗಬಾರದು. ನಿಂತ ದಿನವಲ್ಲ, ನಿಂತ ಮೇಲೆ ಪೂರ್ತಿ ಎರಡು ದಿನ. ಲಕ್ಷಣ ಹೋದರೂ ವೈರಸ್ ಮಲದಲ್ಲಿ ಹೋಗುತ್ತಲೇ ಇರುತ್ತದೆ, ಮೊದಲ ದಿನಗಳಲ್ಲಿ ಅದರ ಜೋರು ಹೆಚ್ಚು. ಇದನ್ನು ಹೇಳಿದಾಗಲೆಲ್ಲ ಹೆಂಗಸರು ನನ್ನ ಮುಖ ನೋಡಿ ‘ಮತ್ತೆ ಅಡುಗೆ ಯಾರು ಮಾಡೋದು ಡಾಕ್ಟ್ರೇ?’ ಎನ್ನುತ್ತಿದ್ದರು. ಡ್ರಿಪ್ ಹಾಕಿಸಿಕೊಂಡು ಮನೆಗೆ ಹೋಗಿ ಅದೇ ಸಂಜೆ ಸಾರಿಗೆ ಬೇಳೆ ಇಟ್ಟವರಿದ್ದಾರೆ. ನನಗೆ ಇದು ಇವತ್ತಿಗೂ ಸಂಕಟ ತರುವ ವಿಷಯ. ಯಜಮಾನರೇ, ಈ ಅಂಕಣ ನೀವೂ ಓದುತ್ತಿದ್ದರೆ, ಎಲ್ಲ ಚೆಲ್ಲು ಎಂದು ಹೇಳಿದವರು ಎರಡು ದಿನ ಅನ್ನ, ತಿಳಿಸಾರು ಮಾಡಿ. ಅದು ಹೆಂಡತಿಗೆ ವಿಶ್ರಾಂತಿ, ಮನೆಯ ಉಳಿದವರಿಗೆ ರಕ್ಷಣೆ. ವಾಂತಿಯಾದ ಜಾಗ, ಕಕ್ಕಸು, ನಲ್ಲಿಯ ತಿರುಪು ಇವನ್ನು ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೀವೇ ಒರೆಸಿ. ಲೀಟರಿಗೆ ಒಂದು ಮಟ್ಟಸ ಟೀ ಚಮಚ ಪೌಡರ್, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಆ್ಯಸಿಡ್ ಜೊತೆ ಸೇರಿಸಬೇಡಿ, ವಿಷಗಾಳಿ ಏಳುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ಊಟದ ಡಬ್ಬಿ ಕಳಿಸುವ ಆಂಟಿಗೆ ಟೈಫಾಯ್ಡ್ ಆಗಿ, ಈಗ ಗುಣವಾಗಿ ಮತ್ತೆ ಶುರು ಮಾಡಿದ್ದಾರೆ. ತರಿಸಿಕೊಳ್ಳಬಹುದೇ?

ಉತ್ತರ: ಜ್ವರ ಬಿಟ್ಟಿದೆ ಎಂಬುದೊಂದೇ ಇಲ್ಲಿ ಸಾಲದು. ಟೈಫಾಯ್ಡ್ ಗುಣವಾದವರಲ್ಲಿ ನೂರಕ್ಕೆ ಕೆಲವರ ಪಿತ್ತಕೋಶದಲ್ಲಿ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಉಳಿಯುತ್ತದೆ, ಅವರಿಗೆ ಮಾತ್ರ ಏನೂ ಅನಿಸುವುದಿಲ್ಲ. ಅಂಥವರಲ್ಲಿ ಒಬ್ಬಳು, ವೈದ್ಯ ವಿದ್ಯಾರ್ಥಿಗಳೆಲ್ಲ ಓದುವ ಮೇರಿ ಮ್ಯಾಲನ್ ಎಂಬ ನ್ಯೂಯಾರ್ಕಿನ ಅಡುಗೆಯವಳು. 1906ರ ಬೇಸಿಗೆಯಲ್ಲಿ ಆಕೆ ಕೆಲಸಕ್ಕಿದ್ದ ಆಯ್ಸ್ಟರ್ ಬೇಯ ಬಂಗಲೆಯಲ್ಲಿ 11 ಜನರಲ್ಲಿ 6 ಮಂದಿಗೆ ಟೈಫಾಯ್ಡ್ ಬಂತು. ತನಿಖೆ ಮಾಡಿದ ಜಾರ್ಜ್ ಸೋಪರ್ ಅನುಮಾನಪಟ್ಟಿದ್ದು ಬೇಯಿಸಿದ ಅಡುಗೆಯನ್ನಲ್ಲ, ಹಸಿ ಪೀಚ್ ಹಣ್ಣು ಹೆಚ್ಚಿ ಹಾಕಿದ ಐಸ್‌ಕ್ರೀಮನ್ನು. ಮೇಲೆ ಹೇಳಿದ ಕೋಸಂಬರಿಯ ಕಥೆಯೇ. ಆಕೆಯನ್ನು ಹಿಡಿದು, ಬಿಟ್ಟು, 1915ರಲ್ಲಿ ಮತ್ತೆ ಹಿಡಿದು 1938ರಲ್ಲಿ ಸಾಯುವವರೆಗೆ ದ್ವೀಪವೊಂದರಲ್ಲಿ ಇಟ್ಟರು. ಆಗ ಆ್ಯಂಟಿಬಯೋಟಿಕ್ ಇರಲಿಲ್ಲ. ಈಗ ಇದೆ, ಹಾಗಾಗಿ ನಿಮ್ಮ ಆಂಟಿಯ ಹೊಟ್ಟೆಪಾಡಿಗೆ ಕಲ್ಲು ಹಾಕಬೇಕಿಲ್ಲ. ಔಷಧದ ಕೋರ್ಸ್ ಮುಗಿದ ಮೇಲೆ ಬೇರೆ ಬೇರೆ ದಿನ ಮೂರು ಸಲ ಮಲದ ಕಲ್ಚರ್ (ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ, ಮೂರರಲ್ಲೂ ಟೈಫಾಯ್ಡ್ ಬ್ಯಾಕ್ಟೀರಿಯಾ ಬೆಳೆಯದಿದ್ದರೆ ನಿಶ್ಚಿಂತೆ. ಟೈಫಾಯ್ಡ್‌ಗೆಂದು ಮಾಡುವ ವೈಡಾಲ್ ರಕ್ತಪರೀಕ್ಷೆಯ ರಿಪೋರ್ಟ್ ತೋರಿಸಿದರೆ ಒಪ್ಪಬೇಡಿ, ಅದು ಇದಕ್ಕೆ ಉತ್ತರ ಕೊಡುವ ಪರೀಕ್ಷೆಯಲ್ಲ. ಆಹಾರ ತಯಾರಿಸಿ ಮಾರುವವರು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕು, ಅಂಟುರೋಗ ಇದ್ದಾಗ ಅಡುಗೆ ಮುಟ್ಟಬಾರದು ಎಂದು ನಮ್ಮ ಆಹಾರ ಸುರಕ್ಷತೆಯ 2011ರ ನಿಯಮಗಳಲ್ಲೇ ಇದೆ. ಡಬ್ಬಿ ತರಿಸುವವರೆಲ್ಲ ಸೇರಿ ಕಲ್ಚರ್ ಖರ್ಚು ಹಂಚಿಕೊಂಡರೆ ಆಂಟಿಗೂ ಭಾರವಾಗದು. ನೀವು ಟೈಫಾಯ್ಡ್ ಕಾಂಜುಗೇಟ್ ಲಸಿಕೆ ಹಾಕಿಸಿಕೊಳ್ಳಿ, ಒಂದೇ ಡೋಸ್.

ಪ್ರಶ್ನೆ: ಅಕ್ಕ ಮಿಡಿ ಉಪ್ಪಿನಕಾಯಿ ಹಾಕಿ ಕೊಟ್ಟ ವಾರದಲ್ಲೇ ಅವಳಿಗೆ ಅರಿಶಿನ ಕಾಮಾಲೆ ಎಂದು ಗೊತ್ತಾಯಿತು. ಜಾಡಿ ಏನು ಮಾಡಲಿ?

ಉತ್ತರ: ಯಾವ ಕಾಮಾಲೆ ಎಂದು ರಕ್ತಪರೀಕ್ಷೆಯಲ್ಲಿ ತಿಳಿಯುವವರೆಗೆ ಮುಚ್ಚಿಡಿ. ಹೆಪಟೈಟಿಸ್ ಬಿ, ಸಿ ಅಥವಾ ಪಿತ್ತಕೋಶದ ಕಲ್ಲಿನಿಂದ ಬಂದಿದ್ದರೆ ಊಟದಿಂದ ಹರಡುವುದಿಲ್ಲ, ಧಾರಾಳವಾಗಿ ತಿನ್ನಿ. ಹೆಪಟೈಟಿಸ್ ಎ ಆಗಿದ್ದರೆ ಕಣ್ಣು ಹಳದಿಯಾಗುವ ಎರಡು ವಾರ ಮೊದಲಿನಿಂದಲೇ ಅದು ಹರಡುತ್ತಿರುತ್ತದೆ. ಹುಳಿಗೆ ಆ ವೈರಸ್ ಸುಲಭಕ್ಕೆ ಬಗ್ಗದು, ಉಪ್ಪಿನಕಾಯಿಯನ್ನು ನಾವು ಬೇಯಿಸಿ ತಿನ್ನುವುದೂ ಇಲ್ಲ. ಆಗ ಜಾಡಿ ಹೋಗಲಿ. ಆಗಲೇ ತಿಂದಿದ್ದರೆ ತಿಂದ ಎರಡು ವಾರದೊಳಗೆ ಹೆಪಟೈಟಿಸ್ ಎ ಲಸಿಕೆ ಹಾಕಿಸಿಕೊಂಡರೆ ರಕ್ಷಣೆ ಸಿಗುತ್ತದೆ, ವೈದ್ಯರನ್ನು ಕೇಳಿ.

ಪ್ರಶ್ನೆ: ಡೆಂಗ್ಯೂ ಆದವರು ಮಾಡಿದ ಅಡುಗೆ? ಶೀತ, ಕೆಮ್ಮು ಇದ್ದವರದ್ದು?

ಉತ್ತರ: ಡೆಂಗ್ಯೂ, ಚಿಕುನ್‌ಗುನ್ಯ, ಮಲೇರಿಯಾ ಸೊಳ್ಳೆಯಿಂದ ಬರುತ್ತವೆ, ಅನ್ನದಿಂದಲ್ಲ. ಶೀತ, ಫ್ಲೂ, ಕೋವಿಡ್ ಹರಡುವುದು ಮುಖ್ಯವಾಗಿ ಉಸಿರಿನಿಂದ. ಡಬ್ಬಿಗಿಂತ ಡಬ್ಬಿ ಕೊಡಲು ಬಂದವರು ಎದುರು ನಿಂತು ಕೆಮ್ಮುವುದೇ ಅಪಾಯ. ಆದರೆ ಮೂಗು ಒರೆಸಿದ ಕೈಯಲ್ಲಿ ಸಿಹಿ ಕಟ್ಟಿದರೆ ಸ್ಟ್ಯಾಫಿಲೊಕಾಕಸ್ ಬರಬಹುದು. ಕೈಯಲ್ಲಿ ಕೀವುಗಾಯ ಇದ್ದರೂ ಹಾಗೇ, ನೀರು ಇಳಿಯದ ಪಟ್ಟಿ ಹಾಕಿಕೊಳ್ಳದೆ ಹಿಟ್ಟು ಕಲಸಬೇಡಿ.

ಪ್ರಶ್ನೆ: ನನಗೆ ವಾಂತಿ ಭೇದಿ. ಮಗುವಿಗೆ ನಾಲ್ಕು ತಿಂಗಳು, ಎದೆಹಾಲು ನಿಲ್ಲಿಸಲೇ?

ಉತ್ತರ: ಖಂಡಿತ ನಿಲ್ಲಿಸಬೇಡಿ. ಸಾಮಾನ್ಯ ವಾಂತಿ ಭೇದಿಯ ರೋಗಾಣು ಹಾಲಿನ ಮೂಲಕ ಹೋಗುವುದಿಲ್ಲ, ಕೈ ಮೂಲಕ ಹೋಗುತ್ತದೆ. ನಿಮ್ಮ ಹಾಲಿನಲ್ಲಿರುವ ರಕ್ಷಣೆ ಈಗ ಮಗುವಿಗೆ ಹೆಚ್ಚು ಬೇಕು. ಪ್ರತಿ ಸಲ ಹಾಲೂಡುವ ಮೊದಲು ಸೋಪಿನಲ್ಲಿ ಕೈ ತೊಳೆದುಕೊಳ್ಳಿ, ಒಂದು ಪೊಟ್ಟಣ ಓಆರ್‌ಎಸ್ ಅನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ದಿನವಿಡೀ ಕುಡಿಯಿರಿ. ಮಗುವಿಗೂ ಭೇದಿ ಶುರುವಾದರೆ ಹಾಲು ಕೊಡುತ್ತಲೇ ಅದೇ ದಿನ ವೈದ್ಯರಿಗೆ ತೋರಿಸಿ.