ಸಾಂಟಾ ಬಾರ್ಬರಾದ ಸೀಟೋ, ಡಿ ಆನ್ಜಾದ ದಾರಿಯೋ: ಒಂದು ಆಪ್ತಸಲಹೆ ಪ್ರಕರಣ

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದು ಏಪ್ರಿಲ್ ತಿಂಗಳಲ್ಲಿ ಸಲಹೆ ಕೇಳಿ ನನ್ನಲ್ಲಿಗೆ ಬಂದಿತ್ತು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಹದಿನೆಂಟು ವರ್ಷದ ಮಗಳಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಸಾಂಟಾ ಬಾರ್ಬರಾ ಕ್ಯಾಂಪಸ್‌ನಲ್ಲಿ ಜೀವಶಾಸ್ತ್ರಕ್ಕೆ ಪ್ರವೇಶ ದೊರೆತಿತ್ತು. ಒಪ್ಪಿಗೆ ತಿಳಿಸಲು ಮೇ 1 ಕೊನೆಯ ದಿನ. ತಂದೆ ಹಿಂದಿನ ವರ್ಷ ಕೆಲಸ ಕಳೆದುಕೊಂಡು, ಈಗ ಕಡಿಮೆ ಸಂಬಳದ ಗುತ್ತಿಗೆ ಕೆಲಸದಲ್ಲಿದ್ದರು. ಈ ಹೊತ್ತಿನಲ್ಲಿ ಮಗಳು, ತಾನು ಸಾಂಟಾ ಬಾರ್ಬರಾಕ್ಕೆ ಹೋಗುವುದಿಲ್ಲ, ಕುಪರ್ಟಿನೊದಲ್ಲಿರುವ ಡಿ ಆನ್ಜಾ ಕಮ್ಯೂನಿಟಿ ಕಾಲೇಜಿಗೆ (ಪದವಿಯ ಮೊದಲ ಎರಡು ವರ್ಷದ ಪಾಠ ಕಲಿಸುವ ಸರ್ಕಾರಿ ಕಾಲೇಜು) ಸೇರುತ್ತೇನೆ ಎಂದಿದ್ದಳು.

ತಾಯಿಯ ಸಂಕಟ ಮೊದಲ ಮಾತಿನಲ್ಲೇ ಹೊರಬಂತು. "ಎಲ್ಲೂ ಸೀಟು ಸಿಗದವರು ಹೋಗುವ ಕಾಲೇಜಲ್ಲವೇ ಮೇಡಂ ಅದು? ದಾವಣಗೆರೆಯಲ್ಲಿ ನಮ್ಮ ಮಾವನವರು ಆಗಲೇ ಬೀದಿಗೆಲ್ಲ ಪೇಡ ಹಂಚಿದ್ದಾರೆ. ಈಗ ಅವರಿಗೆ ಏನೆಂದು ಹೇಳಲಿ?" ತಂದೆ ಹಣದ ಮಾತನ್ನು ಎತ್ತಲೇ ಇಲ್ಲ. ಸಾಲ ಮಾಡಿಯಾದರೂ ಓದಿಸುತ್ತೇನೆ ಎಂದಷ್ಟೇ ಹೇಳಿ ಸುಮ್ಮನಾದರು. ಮಗಳು ತಮಗಾಗಿ ತ್ಯಾಗ ಮಾಡುತ್ತಿದ್ದಾಳೆ ಎಂದು ಇಬ್ಬರೂ ನಂಬಿದ್ದರು. ಆ ನಂಬಿಕೆಯೇ ಅವರನ್ನು ಹೆಚ್ಚು ನೋಯಿಸುತ್ತಿತ್ತು.

ಹುಡುಗಿಯೊಂದಿಗೆ ಪ್ರತ್ಯೇಕವಾಗಿ ಮಾತನಾಡಿದಾಗ ವಿಷಯ ಬೇರೆಯೇ ಇತ್ತು. ಅವಳಿಗೆ ಜೀವಶಾಸ್ತ್ರ ಓದುವ ಮನಸ್ಸಿರಲಿಲ್ಲ. ಮನೆಯಲ್ಲಿ ಡಾಕ್ಟರಾಗಲಿ ಎಂಬ ಆಸೆಯಿದ್ದುದರಿಂದ ಅರ್ಜಿಯಲ್ಲಿ ಆ ವಿಷಯವನ್ನು ಬರೆದಿದ್ದಳು. ಅವಳಿಗೆ ಬೇಕಾಗಿದ್ದುದು ಸಿವಿಲ್ ಎಂಜಿನಿಯರಿಂಗ್. ಯಾಕೆ ಎಂದು ಕೇಳಿದೆ. ರಜೆಗೆ ಊರಿಗೆ ಹೋದಾಗಲೆಲ್ಲ ಅಜ್ಜ ತನ್ನನ್ನು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಕರೆದೊಯ್ಯುತ್ತಿದ್ದುದನ್ನು, ಏರಿಯ ಮೇಲೆ ನಿಂತು ತೂಬನ್ನು ತೋರಿಸಿ, ಅಷ್ಟು ನೀರನ್ನು ಮಣ್ಣಿನ ಏರಿ ಶತಮಾನಗಳಿಂದ ಹೇಗೆ ತಡೆದು ನಿಲ್ಲಿಸಿದೆ ಎಂದು ವಿವರಿಸುತ್ತಿದ್ದುದನ್ನು ಅವಳು ಬಹಳ ಹೊತ್ತು ಹೇಳಿದಳು. ಸಾಂಟಾ ಬಾರ್ಬರಾದಲ್ಲಿ ಸಿವಿಲ್ ಎಂಜಿನಿಯರಿಂಗ್ ಪದವಿಯೇ ಇಲ್ಲ. ಇದು ಅವಳಿಗೆ ಗೊತ್ತಿತ್ತು. ತಂದೆ ತಾಯಿಗೆ ಗೊತ್ತಿರಲಿಲ್ಲ. ಡಾಕ್ಟರ್ ಆಗುವುದಿಲ್ಲ ಎನ್ನುವುದಕ್ಕಿಂತ ಹಣ ಉಳಿಯುತ್ತದೆ ಎನ್ನುವುದು ಸುಲಭವಾಗಿದ್ದುದರಿಂದ ಹಾಗೆ ಹೇಳಿದ್ದಳು.

ನನ್ನ ಮೊದಲ ಸಲಹೆ ಕಾಲೇಜಿನ ಬಗ್ಗೆ ಆಗಿರಲಿಲ್ಲ. ನಿಜವಾದ ಕಾರಣವನ್ನು ಅಪ್ಪ ಅಮ್ಮನ ಮುಂದೆ ಅವಳೇ ಹೇಳಬೇಕು, ಬೇಕಿದ್ದರೆ ನಾನು ಜೊತೆಗಿರುತ್ತೇನೆ ಎಂದೆ. ತಪ್ಪು ಕಾರಣ ಕೊಟ್ಟು ಪಡೆದ ಒಪ್ಪಿಗೆ ಮುಂದೆ ಮೊದಲ ಕಷ್ಟ ಬಂದಾಗಲೇ ಜಗಳವಾಗಿ ತಿರುಗುವುದನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ. ಅವಳು ಹೇಳಿದಳು. ತಾಯಿ ಅತ್ತರು. ತಂದೆ ಮಾತ್ರ, ಮಗಳ ನಿರ್ಧಾರಕ್ಕೆ ತಾನು ಕೆಲಸ ಕಳೆದುಕೊಂಡದ್ದು ಕಾರಣವಲ್ಲ ಎಂದು ತಿಳಿದು ಸ್ವಲ್ಪ ಹಗುರಾದಂತೆ ಕಂಡರು.

ಆನಂತರವೇ ಎರಡೂ ದಾರಿಗಳನ್ನು ಬಿಡಿಸಿ ನೋಡಲು ಸಾಧ್ಯವಾಯಿತು. ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯ ಸೇರುವುದು ಕ್ಯಾಲಿಫೋರ್ನಿಯಾದಲ್ಲಿ ಸೋತವರಿಗಾಗಿ ಆಮೇಲೆ ಸೇರಿಸಿದ ವ್ಯವಸ್ಥೆಯಲ್ಲ. 1960ರ ಉನ್ನತ ಶಿಕ್ಷಣ ಯೋಜನೆಯಲ್ಲೇ ಆ ದಾರಿಯನ್ನು ಉದ್ದೇಶಪೂರ್ವಕವಾಗಿ ಹಾಕಲಾಗಿದೆ. ಅಜ್ಜನಿಗೆ ಹೇಗೆ ವಿವರಿಸುವುದು ಎಂಬ ತಾಯಿಯ ಪ್ರಶ್ನೆಗೆ ಉತ್ತರ ನಮ್ಮ ಊರಿನಲ್ಲೇ ಇತ್ತು. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಮಕ್ಕಳನ್ನು ಅವರು ಕಂಡೇ ಇರುತ್ತಾರೆ. ಆ ಮಕ್ಕಳಿಗೆ ಸಿಗುವುದು ಉಳಿದವರಿಗೆ ಸಿಗುವ ಬಿಇ ಪದವಿಯೇ. ಇಲ್ಲಿಯೂ ಪದವಿಪತ್ರ ಕೊಡುವುದು ಕೊನೆಗೆ ಓದು ಮುಗಿಸಿದ ವಿಶ್ವವಿದ್ಯಾಲಯವೇ.

ಹಣದ ಲೆಕ್ಕವನ್ನು ತಂದೆಯ ಮುಂದೆ ಕಾಗದದ ಮೇಲೆ ಬರೆದೆ. ಡಿ ಆನ್ಜಾದಲ್ಲಿ ರಾಜ್ಯದ ನಿವಾಸಿಗಳಿಗೆ ಪಾಠದ ಅಳತೆಯಾದ ಒಂದು ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್ ಶುಲ್ಕ; ವರ್ಷಕ್ಕೆ 45 ಯೂನಿಟ್ ಓದಿದರೂ 1,395 ಡಾಲರ್. ಮೊದಲ ಬಾರಿಗೆ ಕಾಲೇಜು ಸೇರಿ ಪೂರ್ಣಾವಧಿ ಓದುವವರಿಗೆ ಎರಡು ವರ್ಷ ಆ ಶುಲ್ಕವನ್ನೂ ಮನ್ನಾ ಮಾಡುವ ಪ್ರಾಮಿಸ್ ಯೋಜನೆ ಇದೆ. ಯುಸಿ ಕ್ಯಾಂಪಸ್‌ನಲ್ಲಿ ವಸತಿ, ಊಟ, ಪುಸ್ತಕ ಸೇರಿ ವರ್ಷದ ಅಂದಾಜು ವೆಚ್ಚ 40,000 ಡಾಲರ್ ಮೀರುತ್ತದೆ. ಆದರೆ ಆ ದೊಡ್ಡ ಅಂಕಿಯನ್ನು ನೋಡಿಯೇ ನಿರ್ಧರಿಸುವುದು ಸರಿಯಲ್ಲ ಎಂದು ಒತ್ತಿ ಹೇಳಿದೆ. ಎಫ್‌ಎಎಫ್‌ಎಸ್‌ಎ ಎಂಬ, ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿ ಎರಡು ವರ್ಷ ಹಿಂದಿನ ವರಮಾನವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಅಂದರೆ ಸಾಂಟಾ ಬಾರ್ಬರಾದಿಂದ ಬಂದಿದ್ದ ನೆರವಿನ ಪತ್ರ ತಂದೆಯ ಹಳೆಯ ಸಂಬಳವನ್ನು ಆಧರಿಸಿದ್ದು. ಕೆಲಸ ಹೋದ ದಾಖಲೆ ಕೊಟ್ಟು ಮರುಪರಿಶೀಲನೆ ಕೇಳಲು ಅವಕಾಶವಿದೆ. ಕೊನೆಗೆ ಆ ಸೀಟು ಬೇಡವೆನಿಸಿದರೂ ಅದನ್ನು ಕೇಳಿ ನೋಡಿಯೇ ಬಿಡಬೇಕು ಎಂಬುದು ನನ್ನ ಸಲಹೆಯಾಗಿತ್ತು. ಅವರು ಹಾಗೆಯೇ ಮಾಡಿದರು, ಅನುದಾನ ಸ್ವಲ್ಪ ಹೆಚ್ಚಿತು. ಆ ಹೊತ್ತಿಗೆ ಪ್ರಶ್ನೆ ಹಣದ್ದಾಗಿ ಉಳಿದಿರಲಿಲ್ಲ.

ಹುಡುಗಿಗೆ ನಾನು ಕಹಿ ಮಾತುಗಳನ್ನೂ ಹೇಳಬೇಕಾಯಿತು. ವರ್ಗಾವಣೆಯ ಉದ್ದೇಶದಿಂದಲೇ ಕಮ್ಯೂನಿಟಿ ಕಾಲೇಜು ಸೇರಿದವರಲ್ಲಿ ನಾಲ್ಕು ವರ್ಷದೊಳಗೆ ವಿಶ್ವವಿದ್ಯಾಲಯ ತಲುಪುವವರು ಸುಮಾರು ಐವರಲ್ಲಿ ಒಬ್ಬರು ಎಂದು ರಾಜ್ಯದ ಲೆಕ್ಕಪರಿಶೋಧಕರು 2024ರ ವರದಿಯಲ್ಲಿ ಹೇಳಿದ್ದಾರೆ. ಉಳಿದವರೆಲ್ಲ ಓದಿನಲ್ಲಿ ಹಿಂದುಳಿದವರೆಂದಲ್ಲ. ಕೆಲವರು ಕೆಲಸ ಮಾಡುತ್ತ ಓದುತ್ತಾರೆ, ಕೆಲವರು ಮನೆ ನೋಡಿಕೊಳ್ಳುತ್ತಾರೆ, ಇನ್ನು ಕೆಲವರು ತಾವು ಸೇರಬೇಕಾದ ವಿಭಾಗ ಒಪ್ಪದ ಪಾಠಗಳನ್ನು ಓದಿ ವರ್ಷ ಕಳೆಯುತ್ತಾರೆ. ಎಂಜಿನಿಯರಿಂಗ್‌ನಲ್ಲಿ ಈ ಕೊನೆಯ ಅಪಾಯ ಹೆಚ್ಚು, ಏಕೆಂದರೆ ಅಲ್ಲಿ ಪಾಠಗಳು ಒಂದಕ್ಕೊಂದು ಕೊಂಡಿಯಂತೆ ಸೇರಿವೆ. ಕ್ಯಾಲ್ಕುಲಸ್ ಆಗದೆ ಭೌತಶಾಸ್ತ್ರವಿಲ್ಲ, ಭೌತಶಾಸ್ತ್ರ ಆಗದೆ ಸ್ಟ್ಯಾಟಿಕ್ಸ್ (ನಿಶ್ಚಲ ರಚನೆಗಳ ಮೇಲಿನ ಬಲಗಳ ಪಾಠ) ಇಲ್ಲ. ಮೊದಲ ಕ್ವಾರ್ಟರ್‌ನಲ್ಲೇ ಕ್ಯಾಲ್ಕುಲಸ್ ತಪ್ಪಿದರೆ ಎರಡು ವರ್ಷದ ಯೋಜನೆ ಮೂರಕ್ಕೆ ಹೋಗುವ ಸಂಭವವೇ ಹೆಚ್ಚು. ಒಂದು ಕ್ವಾರ್ಟರ್ ಎಂದರೆ ಪರೀಕ್ಷೆ ಸೇರಿ ಹನ್ನೆರಡು ವಾರ. ನಾಲ್ಕನೇ ವಾರದಲ್ಲಿ ಎಚ್ಚರಗೊಂಡರೆ ಆಗಲೇ ತಡವಾಗಿರುತ್ತದೆ.

ಆದ್ದರಿಂದ ಅವಳಿಂದ ನಾನು ಕೇಳಿದ್ದು ಬರವಣಿಗೆಯಲ್ಲಿರುವ ಯೋಜನೆ. ಯಾವ ಕಾಲೇಜಿನ ಯಾವ ಪಾಠವನ್ನು ಯಾವ ಕ್ಯಾಂಪಸ್ ಒಪ್ಪುತ್ತದೆ ಎಂಬುದು ಅಸಿಸ್ಟ್ ಎಂಬ ಅಧಿಕೃತ ಜಾಲತಾಣದಲ್ಲಿದೆ. ಸಿವಿಲ್ ಪದವಿಯಿರುವ ಡೇವಿಸ್, ಅರ್ವೈನ್, ಮರ್ಸೆಡ್ ಮತ್ತು ಬರ್ಕ್ಲಿಯ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಆರು ಕ್ವಾರ್ಟರ್‌ಗಳ ಪಾಠಗಳನ್ನು ಅವಳೇ ಬರೆದು ತಂದಳು. ಕಮ್ಯೂನಿಟಿ ಕಾಲೇಜಿನಿಂದ ಬರುವವರಿಗೆ ಪ್ರವೇಶ ಖಾತರಿ ನೀಡುವ ಟ್ಯಾಗ್ ಎಂಬ ಒಪ್ಪಂದ ಆರು ಯುಸಿ ಕ್ಯಾಂಪಸ್‌ಗಳಲ್ಲಿದೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊಗಳಲ್ಲಿ ಇಲ್ಲ. ಒಬ್ಬರು ಒಂದು ಕ್ಯಾಂಪಸ್‌ಗೆ ಮಾತ್ರ ಟ್ಯಾಗ್ ಹಾಕಬಹುದು, ಅದನ್ನು ಎರಡನೇ ವರ್ಷದ ಆರಂಭದಲ್ಲಿ, ಸೆಪ್ಟೆಂಬರ್ 30ರೊಳಗೆ ಸಲ್ಲಿಸಬೇಕು. ಖಾತರಿಯಿಂದ ಹೊರಗಿಟ್ಟ ವಿಭಾಗಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ, ಹಿಂದಿನ ಬ್ಯಾಚಿನವರ ಮಾತನ್ನು ನಂಬದೆ ಆ ವರ್ಷದ ಪಟ್ಟಿಯನ್ನೇ ನೋಡಬೇಕೆಂದು ತಿಳಿಸಿದೆ. ಇನ್ನೊಂದು ವಿಷಯವನ್ನು ಮೂವರಿಗೂ ಸ್ಪಷ್ಟಪಡಿಸಿದೆ: ಡಿ ಆನ್ಜಾದಲ್ಲಿ ತರಗತಿಗಳು ಆರಂಭವಾದ ಮೇಲೆ ಅವಳು ಮತ್ತೆ ಹೊಸ ವಿದ್ಯಾರ್ಥಿಯಾಗಿ ಯುಸಿಗೆ ಅರ್ಜಿ ಹಾಕುವಂತಿಲ್ಲ, ವರ್ಗಾವಣೆಯೊಂದೇ ದಾರಿ. ಬಿಟ್ಟುಕೊಟ್ಟ ಸೀಟು ಕಾದಿರುವುದಿಲ್ಲ.

ತಾಯಿಯೊಂದಿಗೆ ನಡೆದ ಮಾತು ಮನೆಯೊಳಗಿನದು. ಮಗಳು ಮನೆಯಲ್ಲೇ ಇರುತ್ತಾಳೆ ಎಂದಾದ ಕೂಡಲೇ, ಮಧ್ಯಾಹ್ನ ಮೂರಕ್ಕೆ ತಮ್ಮನನ್ನು ಶಾಲೆಯಿಂದ ಕರೆತರುವುದು, ಶನಿವಾರದ ದಿನಸಿ, ತಂದೆಯ ಇನ್ಶೂರೆನ್ಸ್ ಕಾಗದಗಳು ಎಲ್ಲವೂ ಸದ್ದಿಲ್ಲದೆ ಅವಳ ಪಾಲಿಗೆ ಬರತೊಡಗಿದ್ದವು. ಭೌತಶಾಸ್ತ್ರದ ಲ್ಯಾಬ್ ಮಧ್ಯಾಹ್ನವೇ ಇರಬಹುದೆಂದು ಯಾರೂ ಯೋಚಿಸಿರಲಿಲ್ಲ. ಸಾಂಟಾ ಬಾರ್ಬರಾದಲ್ಲಿದ್ದಿದ್ದರೆ ಯಾವ ಕೆಲಸಕ್ಕೆ ಅವಳನ್ನು ಕರೆಯುತ್ತಿರಲಿಲ್ಲವೋ, ತರಗತಿಯ ದಿನಗಳಲ್ಲಿ ಆ ಕೆಲಸಕ್ಕೆ ಇಲ್ಲಿಯೂ ಕರೆಯಬೇಡಿ ಎಂದು ಕೇಳಿಕೊಂಡೆ. ಇದು ಹೆಣ್ಣುಮಕ್ಕಳ ವಿಷಯದಲ್ಲಿ ವಿಶೇಷವಾಗಿ ಹೇಳಬೇಕಾದ ಮಾತು. ಮನೆಯಿಂದ ಓದುವ ಗಂಡುಮಕ್ಕಳಿಗೆ ಸಾಮಾನ್ಯವಾಗಿ ಯಾರೂ ಇಂಥ ಪಟ್ಟಿ ಕೊಡುವುದಿಲ್ಲ.

ನಿರ್ಧಾರ ಅವರದೇ ಆಗಿತ್ತು. ಏಪ್ರಿಲ್ ಕೊನೆಯಲ್ಲಿ ಸಾಂಟಾ ಬಾರ್ಬರಾದ ಸೀಟನ್ನು ಬಿಟ್ಟು ಅವಳು ಡಿ ಆನ್ಜಾ ಸೇರಿದಳು. ಅವಳಿಗೆ ಜೀವಶಾಸ್ತ್ರವೇ ಬೇಕಾಗಿದ್ದರೆ, ಹೊಂದಿಸಬಹುದಾದ ನೆರವೂ ಸಿಕ್ಕಿದ್ದರೆ, ಸಾಂಟಾ ಬಾರ್ಬರಾಕ್ಕೇ ಹೋಗು ಎಂದು ನಾನು ಹೇಳುತ್ತಿದ್ದೆ. ಈ ಮಾತನ್ನು ತಂದೆ ತಾಯಿಗೂ ತಿಳಿಸಿದ್ದೇನೆ. ಮೊದಲ ಕ್ವಾರ್ಟರ್‌ನ ಕ್ಯಾಲ್ಕುಲಸ್‌ನಲ್ಲಿ ಅವಳಿಗೆ ಬಿ ಬಂದಿದೆ. ಟ್ಯಾಗ್‌ಗೆ ಬೇಕಾದ ಸರಾಸರಿಗೆ ಅದು ಸಾಲದಾಗಬಹುದು ಎಂದು ಈಗ ವಾರಕ್ಕೆರಡು ಸಲ ಕಾಲೇಜಿನ ಉಚಿತ ಟ್ಯೂಟರಿಂಗ್ ಕೇಂದ್ರಕ್ಕೆ ಹೋಗುತ್ತಿದ್ದಾಳೆ. ತಮ್ಮನನ್ನು ಶಾಲೆಯಿಂದ ಕರೆತರಲು ಪಕ್ಕದ ಮನೆಯವರೊಂದಿಗೆ ಪಾಳಿ ಮಾಡಿಕೊಂಡಿದ್ದಾರೆ.