ಬೂಟಿನ ಪ್ರಶ್ನೆಯಿಂದ ಸುರು ಮಾಡ್ರಿ

ಹಾವೇರಿಯ ಬಿ.ಎ. ಕೊನೇ ವರ್ಷದ ತಂಗಿ ನಿನ್ನೆ ರಾತ್ರಿ ಗುಂಪಿನಲ್ಲಿ ಮೂರು ಪ್ರಶ್ನೆ ಹಾಕಿದ್ದಾರೆ. ಮೊದಲ ಮಹಾಯುದ್ಧದ ಬಗ್ಗೆ ಜರ್ಮನ್ ಲೇಖಕ ರಿಮಾರ್ಕ್ ಬರೆದ ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’ ಎಷ್ಟರ ಮಟ್ಟಿಗೆ ಯುದ್ಧವಿರೋಧಿ ಕಾದಂಬರಿ, ಅದರೊಳಗಿನ ಸಿಪಾಯಿ ಕೆಮ್ಮೆರಿಕನ ಬೂಟುಗಳ ಮಹತ್ವವೇನು, ಶೀರ್ಷಿಕೆ ಎಷ್ಟು ಸೂಕ್ತ. “ಎರಡ್ ಸಲ ಓದೇನ್ರಿ, ಆದ್ರ ಬರಿಯಾಕ ಕುಂತ್ರ ಕಥಿ ಬಿಟ್ಟು ಬ್ಯಾರೆ ಏನೂ ಬರವಲ್ದು” ಅಂತ ಕೇಳಿದ್ದಾರೆ. ಧಾರವಾಡದಲ್ಲಿ ಹುಡುಗರಿಗೆ ಈ ಪುಸ್ತಕ ಪಾಠ ಹೇಳಿದವನು ನಾನು. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನನಗೂ ಬಿ.ಎ.ದಲ್ಲಿ ಹೀಗೇ ಆಗಿತ್ತು. ಎಂಟು ಪುಟ ಕಥೆ ಬರೆದೆ, ಮಾರ್ಕ್ಸ್ ಬರಲಿಲ್ಲ. ಪ್ರಶ್ನೆಯನ್ನು ‘ವಿಷಯ’ ಅಂತ ಓದಿದ್ದೇ ಕಾರಣ ಅಂತ ಬಹಳ ತಡವಾಗಿ ತಿಳೀತು. ಪ್ರಶ್ನೆಯೊಳಗೆ ಯಾರೋ ಒಂದು ಮಾತನ್ನು ಒಪ್ಪಿಕೊಂಡೇ ಕೂತಿರುತ್ತಾರೆ. ‘ಬೂಟುಗಳ ಮಹತ್ವ’ ಅಂದರೆ ಅವಕ್ಕೆ ಮಹತ್ವ ಇದೆ ಅಂತ ಆಗಲೇ ಒಪ್ಪಿಯಾಯಿತು. ಆ ಒಪ್ಪಿದ ಮಾತು ಯಾವುದು ಅಂತ ಪೆನ್ಸಿಲ್‌ನಿಂದ ಪಕ್ಕದಲ್ಲಿ ಬರೀರಿ. ಆಮೇಲೆ ಅದರ ಜೊತೆ ಜಗಳಕ್ಕೆ ನಿಲ್ರಿ, ಇಲ್ಲವೇ ಅದನ್ನು ಇನ್ನೂ ಆಳಕ್ಕೆ ಒಯ್ರಿ.

ಬೂಟಿನ ಪ್ರಶ್ನೆಯಿಂದಲೇ ಸುರು ಮಾಡ್ರಿ, ಅದಕ್ಕೆ ಪುರಾವೆ ಕೈಗೆ ಸಿಗುವಂಥಾದ್ದು. ಮೊಣಕಾಲಿನವರೆಗೆ ಬರುವ, ಮೆತ್ತನೆ ಹಳದಿ ತೊಗಲಿನ ಇಂಗ್ಲಿಷ್ ಬೂಟು. ಕೆಮ್ಮೆರಿಕನ ಕಾಲು ಕತ್ತರಿಸಿದ್ದಾರೆ, ಅವನು ಸಾಯುತ್ತಿದ್ದಾನೆ, ಮಂಚದ ಹತ್ತಿರ ನಿಂತ ಗೆಳೆಯ ಮ್ಯೂಲರ್ ಬೂಟು ಕೇಳುತ್ತಾನೆ. ಎಲ್ಲ ಹುಡುಗರೂ ಇಲ್ಲಿ ‘ಯುದ್ಧ ಮನುಷ್ಯನನ್ನು ಕ್ರೂರಿ ಮಾಡುತ್ತದೆ’ ಅಂತ ಬರೀತಾರೆ. ಪುಸ್ತಕ ತೆಗೆದು ನೋಡ್ರಿ, ಕಥೆ ಹೇಳುವ ಸಿಪಾಯಿ ಪಾಲ್ ಹೇಳುವುದು ಇದರ ಉಲ್ಟಾ. ಕೆಮ್ಮೆರಿಕನಿಗೆ ಆ ಬೂಟು ಉಪಯೋಗಕ್ಕೆ ಬರುವಂತಿದ್ದರೆ ಮ್ಯೂಲರ್ ಬರಿಗಾಲಲ್ಲಿ ಮುಳ್ಳುತಂತಿ ಮೇಲೆ ನಡೆದಾನು, ಆಸೆಪಡಲಾರ, ಅಂತಾನೆ. ಅಲ್ಲಿಗೆ ‘ಕ್ರೂರಿ’ ಅನ್ನೋ ಶಬ್ದ ನಿಲ್ಲುವುದಿಲ್ಲ. ಗೆಳೆತನ ಇದೆ, ಲೆಕ್ಕಾಚಾರವೂ ಇದೆ, ಎರಡೂ ಒಂದೇ ಎದೆಯಲ್ಲಿ ಜಗಳವಿಲ್ಲದೆ ಇವೆ. ನಿಮ್ಮ ಉತ್ತರ ಇಲ್ಲಿಂದ ಹುಟ್ಟಬೇಕು.

ಮುಂದೆ ಮ್ಯೂಲರ್ ಸಾಯುವಾಗ ಬೂಟು ಪಾಲ್‌ಗೆ ಕೊಡುತ್ತಾನೆ. ಪಾಲ್ ಹಾಕಿಕೊಂಡು, ನನ್ನ ನಂತರ ಇನ್ನೊಬ್ಬ ಗೆಳೆಯ ಟ್ಯಾಡೆನ್‌ಗೆ ಅಂತ ಮಾತು ಕೊಟ್ಟಿದ್ದೇನೆ ಅನ್ನುತ್ತಾನೆ. ತನ್ನ ಸಾವನ್ನು ಅವನು ಎಷ್ಟು ಸಹಜವಾಗಿ ಲೆಕ್ಕಕ್ಕೆ ಹಿಡಿದಿದ್ದಾನೆ ನೋಡ್ರಿ. ಹಿಂದಕ್ಕೂ ಹೋಗ್ರಿ: ಇಂಗ್ಲಿಷ್ ಬೂಟು ಜರ್ಮನ್ ಸಿಪಾಯಿಯ ಕಾಲಿಗೆ ಬರಬೇಕಾದರೆ ಕೆಮ್ಮೆರಿಕನಿಗಿಂತ ಮೊದಲು ಇನ್ಯಾರೋ ಹಾಕಿಕೊಂಡಿದ್ದಾರಲ್ಲ? ಸರಪಳಿ ಪುಸ್ತಕದ ಮೊದಲ ಪುಟಕ್ಕೂ ಮುಂಚೆ ಸುರುವಾಗಿದೆ. ಈ ಪ್ರಶ್ನೆಯನ್ನು ಯಾವ ಗೈಡೂ ಕೇಳುವುದಿಲ್ಲ, ನೀವು ಕೇಳ್ರಿ.

‘ಎಷ್ಟರ ಮಟ್ಟಿಗೆ’ ಅಂದಾಗ ವಿರುದ್ಧದ ಪುರಾವೆಯನ್ನೂ ಎದುರಿಗೆ ಇಟ್ಟುಕೊಳ್ಳಲೇಬೇಕು. ಕಾದಂಬರಿ ಸುರುವಾಗುವುದು ತುಂಬಿದ ಹೊಟ್ಟೆಯಿಂದ. 150 ಜನರಿಗೆ ಅಡಿಗೆ ಆಗಿದೆ, ತಿರುಗಿ ಬಂದವರು 80, ಉಳಿದವರ ಪಾಲೂ ಇವರಿಗೇ, ಎಲ್ಲರೂ ಖುಷಿ. ಒಂಬತ್ತನೇ ಅಧ್ಯಾಯದಲ್ಲಿ ಪಾಲ್ ಶೆಲ್ ಬಿದ್ದ ಗುಂಡಿಯೊಳಗೆ ತಾನೇ ಇರಿದ ಫ್ರೆಂಚ್ ಸಿಪಾಯಿ, ಅಚ್ಚುಮೊಳೆ ಜೋಡಿಸುವ ದುವಾಲ್, ತಾಸುಗಟ್ಟಲೆ ನರಳಿ ಸಾಯುವುದನ್ನು ನೋಡುತ್ತಾನೆ, ಏನೇನೋ ಮಾತು ಕೊಡುತ್ತಾನೆ. ಮರುದಿನ ಗೆಳೆಯರು ಗುರಿಯಿಟ್ಟು ಶತ್ರುಗಳನ್ನು ಹೊಡೆಯುವ ಸ್ನೈಪರ್ ಒಬ್ಬನನ್ನು ತೋರಿಸಿ ಸಮಾಧಾನ ಹೇಳುತ್ತಾರೆ, ‘ಯುದ್ಧ ಅಂದರೆ ಯುದ್ಧ’ ಅನ್ನೋ ಮಾತಿಗೆ ಪಾಲ್ ಬಂದು ನಿಲ್ಲುತ್ತಾನೆ. ಗುಂಡಿಯ ಪಾಲ್ ಒಬ್ಬನನ್ನೇ ಬರೆದು ಮರುದಿನದ ಪಾಲ್‌ನನ್ನು ಬಿಟ್ಟರೆ ಉತ್ತರ ಅರ್ಧವೇ. 1933ರಲ್ಲಿ ನಾಜಿಗಳು ಈ ಪುಸ್ತಕ ಸುಟ್ಟರು ಅಂತ ಬೇಕಾದರೆ ಒಂದು ಸಾಲು ಬರೀರಿ, ಆದರೆ ಅದು ಓದಿದವರ ಬಗ್ಗೆ ಪುರಾವೆ, ಪುಸ್ತಕದೊಳಗಿನದಲ್ಲ.

ಶೀರ್ಷಿಕೆ ಪ್ರಶ್ನೆಗೆ ಜರ್ಮನ್ ಹೆಸರಿನ ಅರ್ಥ ಗೊತ್ತಿರಲಿ: ‘ಪಶ್ಚಿಮದಲ್ಲಿ ಹೊಸದೇನೂ ಇಲ್ಲ’. ಇಂಗ್ಲಿಷ್‌ನಲ್ಲಿ ಶಾಂತಿಯ ಮಾತು ಬಂದಿದೆ, ಮೂಲದಲ್ಲಿರುವುದು ಸುದ್ದಿಯ ಮಾತು. ಇಡೀ ಪುಸ್ತಕ ‘ನಾನು’ ಅಂತ ಹೇಳಿದವನನ್ನು ಕೊನೆಯ ಎರಡು ಚಿಕ್ಕ ಪ್ಯಾರಾದಲ್ಲಿ ಬೇರೆ ಯಾರೋ ‘ಅವನು’ ಅನ್ನುತ್ತಾರೆ. 1918ರ ಅಕ್ಟೋಬರ್, ಪಾಲ್ ಸತ್ತ ದಿನ ಸೇನೆಯ ವರದಿ ಈ ಶೀರ್ಷಿಕೆಯ ಮಾತಿನ ಒಂದೇ ಸಾಲು, ಅದರಲ್ಲಿ ಪಾಲ್ ಇಲ್ಲ. ನಾನು ಪಾಠ ಹೇಳುವಾಗ ನಮ್ಮ ಹಾನಗಲ್ಲಿನ ಕಡೆಯ ವೀರಗಲ್ಲು ನೆನಪು ಮಾಡುತ್ತಿದ್ದೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸಾನ್ನಿಧ್ಯ, ಪಟ್ಟಿಗಳ ನಡುವೆ ಅವನು ಯಾರು, ಎಲ್ಲಿ ಬಿದ್ದ ಅಂತ ಅಕ್ಷರ. ರಿಮಾರ್ಕ್ ಮೇಲಿನ ಎರಡು ಪಟ್ಟಿ ಕೊಡುವುದಿಲ್ಲ, ವರದಿ ಹೆಸರನ್ನೂ ಕೊಡುವುದಿಲ್ಲ. ಪರೀಕ್ಷೆಯಲ್ಲಿ ವೀರಗಲ್ಲಿಗೆ ಎರಡು ಸಾಲಿಗಿಂತ ಹೆಚ್ಚು ಜಾಗ ಕೊಡಬೇಡ್ರಿ, ಆದರೆ ಯೋಚನೆ ಮಾಡುವಾಗ ಅದು ಕಣ್ಣಮುಂದೆ ಇರಲಿ.

ಇನ್ನೊಂದು ದೃಶ್ಯ ಹೇಳಲೇಬೇಕು, ಯಾಕೆ ಯಾರೂ ಬರೆಯುವುದಿಲ್ಲವೋ. ರಜೆಗೆ ಬಂದ ಪಾಲ್ ಕೆಮ್ಮೆರಿಕನ ತಾಯಿಯ ಹತ್ತಿರ ಹೋಗುತ್ತಾನೆ. ಮಗ ನರಳದೆ ಥಟ್ಟನೆ ಸತ್ತ ಅಂತ ಸುಳ್ಳು ಹೇಳುತ್ತಾನೆ. ಅದು ಸುಳ್ಳಾದರೆ ನಾನು ಯುದ್ಧದಿಂದ ತಿರುಗಿ ಬರದಿರಲಿ ಅಂತ ಆ ತಾಯಿ ಅವನಿಂದ ಆಣೆ ಮಾಡಿಸುತ್ತಾಳೆ. ಮಾಡುತ್ತಾನೆ. ಬರುವುದಿಲ್ಲ. ಇದನ್ನು ಶಾಪ ಫಲಿಸಿತು ಅಂತ ಬರೆದರೆ ದೃಶ್ಯ ಹಾಳಾಗುತ್ತದೆ. ಆಣೆಯ ಮೇಲೇ ಅವನಿಗೆ ನಂಬಿಕೆ ಉಳಿದಿಲ್ಲ, ಆದರೆ ಆ ತಾಯಿಯ ಮೇಲೆ ಕನಿಕರ ಉಳಿದಿದೆ. ಮೂರೂ ಪ್ರಶ್ನೆಗೆ ಇದು ಬಳಕೆಗೆ ಬರುತ್ತದೆ.

ಈಗ ಬೂಟಿನ ಪ್ರಶ್ನೆಗೆ ಮೊದಲನೇ ಪ್ಯಾರಾ ಅಷ್ಟೇ ಬರೆದು ಇಲ್ಲಿ ಹಾಕ್ರಿ. ಕಥೆ ಒಂದು ವಾಕ್ಯವೂ ಬೇಡ, ನಿಮ್ಮ ಮಾತು ಮೊದಲು ಬರಲಿ. ಭಾನುವಾರ ಮಧ್ಯಾಹ್ನದೊಳಗೆ ಹಾಕಿದರೆ ಸಂಜೆ ಕೂತು ಸಾಲು ಸಾಲಾಗಿ ನೋಡಿ ಹೇಳ್ತೀನಿ.